ಸಾಗರದ ರೋಬೋಟ್ ಸ್ಪರ್ಧೆ ಮುಗಿಯಿತು, ನಿಮಗೆಲ್ಲ ಧನ್ಯವಾದ

ಸೆಪ್ಟೆಂಬರ್ 15, ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ಅವತ್ತು ಸಾಗರದಲ್ಲಿ ನಾವು ಇಟ್ಟುಕೊಂಡಿದ್ದ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ, ತಂತ್ರಜ್ಞಾನ ಪ್ರದರ್ಶನ ಎರಡೂ ಚೆನ್ನಾಗಿ ನಡೆದವು. ಶಿವಮೊಗ್ಗದಿಂದ ಬಂದ ತೀರ್ಪುಗಾರರು, ಊಟಕ್ಕೆ ನಿಂತ ತಾಯಂದಿರು, ರಟ್ಟಿನ ಡಬ್ಬಗಳನ್ನು ಬಸ್ಸಿನಲ್ಲಿ ಜೋಪಾನವಾಗಿ ಇಳಿಸಿಕೊಟ್ಟ ಕಂಡಕ್ಟರ್‌ಗಳು, ಎಲ್ಲರಿಗೂ ನಮಸ್ಕಾರ.

ಒಬ್ಬರ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು. ನಮ್ಮ ಲೈಟಿಂಗ್ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ.

ಹಿಂದಿನ ರಾತ್ರಿ ನಡೆದದ್ದು ಅಲ್ಲಿದ್ದವರಿಗೆ ಗೊತ್ತು. ಹೊರಗೆ ಧಾರಾಕಾರ ಮಳೆ. ಒಳಗೆ, ನೆಲದ ಮೇಲಿನ ಕಪ್ಪು ಗೆರೆ ಹಿಡಿದು ತಾವೇ ಓಡಬೇಕಾದ ರೋಬೋಟ್‌ಗಳಲ್ಲಿ ಒಂದೂ ಗೆರೆ ಹಿಡಿಯುತ್ತಿಲ್ಲ. ಶಾಲೆಯಲ್ಲಿ ಸರಿಯಾಗಿ ಓಡಿದ್ದವು ಇಲ್ಲಿ ಸುಮ್ನೆ ಅಡ್ಡಾದಿಡ್ಡಿ ಹೋಗುತ್ತಿದ್ದವು. ನಾವು ಓದಿದವರೆಲ್ಲ ಲ್ಯಾಪ್‌ಟಾಪ್ ಮುಂದೆ ಕೂತು ಪ್ರೋಗ್ರಾಂ ತಿದ್ದುತ್ತಿದ್ದೆವು. ಹೊಸನಗರ ಕಡೆಯ ಹುಡುಗಿಯೊಬ್ಬಳು "ಸರ್, ನಾವೇ ಏನೋ ತಪ್ಪು ಮಾಡಿದೀವಾ?" ಅಂತ ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ. ಹೊರಗೆ ಹೋಗಿ ಜಗಲಿಯಲ್ಲಿ ನಿಂತೆ. ಕಣ್ಣು ತುಂಬಿ ಬಂತು.

ಆಗಲೇ ಕರೆಂಟು ಹೋಯಿತು. ಆ ಹುಡುಗಿ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಸಲ ರೋಬೋಟ್ ಬಿಟ್ಟಳಂತೆ. ಅದು ಗೆರೆ ಬಿಡದೆ ಪೂರ್ತಿ ಸುತ್ತು ಬಂತು! ಕರೆಂಟು ಬಂದ ಮೇಲೆ ಮತ್ತೆ ಅದೇ ಕಥೆ. ನೋಡುತ್ತಿದ್ದ ಅಣ್ಣ ನನ್ನನ್ನು ಒಳಗೆ ಕರೆದು, "ಮೇಷ್ಟ್ರೇ, ನನ್ನ ಹ್ಯಾಲೋಜನ್ನೇ ಇದಕ್ಕೆ ಕಾಟ ಕೊಡ್ತಿದೆ" ಅಂದರು.

ಅವರು ಹೇಳಿದ್ದು ಸರಿ. ರೋಬೋಟಿನ ಹೊಟ್ಟೆಯಡಿಯ ಸೆನ್ಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಬಿಳಿ ನೆಲ ಅದನ್ನು ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ನುಂಗುತ್ತದೆ. ಹ್ಯಾಲೋಜನ್ ಅದೇ ಬೆಳಕನ್ನು ರಾಶಿ ರಾಶಿ ಸುರಿಯುತ್ತದೆ. ಆಗ ಕಪ್ಪು ಯಾವುದು, ಬಿಳಿ ಯಾವುದು ಅಂತ ಸೆನ್ಸರ್‌ಗೆ ತಿಳಿಯುವುದಿಲ್ಲ. ಎಲ್‌ಇಡಿಯಲ್ಲಿ ಆ ತೊಂದರೆ ಇಲ್ಲ ಅನ್ನುವಷ್ಟು ಕಡಿಮೆ.

ಅಣ್ಣ ಅದೇ ಮಳೆಯಲ್ಲಿ ಮನೆಗೆ ಹೋಗಿ ಎಲ್‌ಇಡಿ ಟ್ಯೂಬ್‌ಗಳನ್ನು ತಂದರು. ಏಣಿ ಹತ್ತಿ ಒಂದೊಂದೇ ದೀಪ ಬದಲಿಸಿದರು. ಪ್ರತಿ ದೀಪಕ್ಕೂ "ಈಗ ಬಿಡಮ್ಮಾ, ನೋಡೋಣ" ಅಂತ ಆ ಹುಡುಗಿಗೆ ಹೇಳುತ್ತಿದ್ದರು. ಬೆಳಗಿನ ಜಾವದ ಹೊತ್ತಿಗೆ ಅವಳೇ ಉಳಿದ ತಂಡಗಳಿಗೆ ಕಾರಣ ವಿವರಿಸುತ್ತಿದ್ದಳು. ಹೆಚ್ಚಿನ ದುಡ್ಡು ಕೊಡಲು ಹೋದರೆ ಅಣ್ಣ ಮುಟ್ಟಲಿಲ್ಲ. ಅಣ್ಣಾ, ನೀವು ಅವತ್ತು ಮನೆಗೆ ಹೋಗಿಬಿಟ್ಟಿದ್ದರೆ ನಾನು ಸ್ಪರ್ಧೆ ನಿಲ್ಲಿಸುತ್ತಿದ್ದೆ. ನಿಮ್ಮ ಋಣ ದೊಡ್ಡದು.

ಪ್ರದರ್ಶನದಲ್ಲಿ ನನಗೆ ತುಂಬ ಹಿಡಿಸಿದ್ದು, ಮಳೆ ಹನಿ ಬಿದ್ದ ಕೂಡಲೇ ಅಡಿಕೆ ಒಣಗಿಸುವ ಚಪ್ಪರದ ಮೇಲೆ ತಾನೇ ಟಾರ್ಪಲ್ ಎಳೆದುಕೊಳ್ಳುವ ಮಾದರಿ. ಅದು ನಮ್ಮ ಅಂಗಳದ್ದೇ ಕಷ್ಟ ಅಲ್ವಾ? ಅದನ್ನು ಮಾಡಿದ ಮಕ್ಕಳಿಗೆ, ಅವರ ಮೇಷ್ಟ್ರಿಗೆ ವಿಶೇಷ ವಂದನೆ.

ಸೊರಬದ ತಂಡದ ಬ್ಯಾಟರಿ ಚಾರ್ಜರ್ ನಮ್ಮಲ್ಲೇ ಉಳಿದಿದೆ. ಜೋಪಾನವಾಗಿ ಇಟ್ಟಿದ್ದೇವೆ. ಈ ಕಡೆ ಬಂದಾಗ ತೆಗೆದುಕೊಂಡು ಹೋಗಿ, ಊಟ ಮಾಡಿಕೊಂಡೇ ಹೋಗಬೇಕು.