ಆ ನೀಲಿ ಕಲೆ

ಪುಟ್ಟೂ,

ನಿನ್ನ ಪತ್ರ ಸೋಮವಾರ ಬಂತು. ಪ್ರಮೋಶನ್, ಹೊಸ ಮನೆ, ಎಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಸುಮ್ನೆ ಎಂಬಂತೆ ಬರೆದ ಸಾಲು ನಿದ್ದೆ ಕೆಡಿಸಿದೆ. ಎಲ್ಲೂ ತಗುಲಿಸಿಕೊಂಡಿಲ್ಲ, ಆದರೂ ತೊಡೆ ಮೇಲೆ ನೀಲಿ ಕಲೆ ಎಂದಿದ್ದೀಯ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 90 ಸಾವಿರಕ್ಕೆ ಇಳಿದಿದೆ, ಡೆಂಗಿ ಅಲ್ಲವಂತೆ. ಮೇಲೆ, “ಹಿಮೋಗ್ಲೋಬಿನ್ 17.8 ಇದೆ, ರಕ್ತ ಚೆನ್ನಾಗಿದೆ ಅಲ್ವಾ ಚಿಕ್ಕಪ್ಪ?” ಅಂತ ಬೇರೆ!

ದಿನಕ್ಕೆ ಒಂದು ಪ್ಯಾಕ್ ಸೇದುವವನಲ್ಲಿ ಅದು ಚೆನ್ನಾಗಿರುವ ಲಕ್ಷಣ ಅಲ್ಲ ಕಣೋ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್, ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿ ಕೂರುತ್ತದೆ. ಆಮ್ಲಜನಕ ಸಾಲದೆ ಮೈ ಇನ್ನಷ್ಟು ಕೆಂಪುಕಣ ಮಾಡುತ್ತದೆ. ರಕ್ತ ಮಂದವಾಗುತ್ತದೆ, ಅಷ್ಟೇ.

ಅದಿರಲಿ. ನನ್ನ ತಲೆ ತಿನ್ನುತ್ತಿರುವುದು ಆ ಕಲೆ. ನೀನು ಕುಡಿಯುತ್ತೀಯಲ್ಲ, ಆ ಕುಡಿತ ಮೂಳೆಯೊಳಗಿನ ಮಜ್ಜೆಗೇ ಪೆಟ್ಟು ಕೊಡುತ್ತದೆ, ಪ್ಲೇಟ್‌ಲೆಟ್ ಹುಟ್ಟುವುದೇ ಅಲ್ಲಿ. ರಿಪೋರ್ಟಿನಲ್ಲಿ ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, ಎಷ್ಟಿದೆ ನೋಡು; ಕುಡಿತಕ್ಕೆ ಅದು ಊದುತ್ತದೆ. 100 ದಾಟಿದೆಯಾ?

ಲ್ಯಾಬಿನಲ್ಲಿ ನಿನ್ನಪ್ಪನ ರಕ್ತದ ಸ್ಲೈಡ್ ನೋಡಿದವನು ನಾನೇ. ಕೆಂಪುಕಣಗಳು ಊದಿಕೊಂಡಿದ್ದವು. ನಡುವೆ ರವೆ ಚೆಲ್ಲಿದಂತೆ ಇರಬೇಕಾದ ಪ್ಲೇಟ್‌ಲೆಟ್ ಎಲ್ಲಿ ನೋಡಿದರೂ ಮೂರೋ ನಾಲ್ಕೋ. ಅಣ್ಣ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತು, ಬೀಡಿ ಬಾಯಲ್ಲಿಟ್ಟು ಬೆಂಕಿಪೊಟ್ಟಣ ತಡಕುತ್ತಿದ್ದ. “ಹೇಗಿದೆಯೋ?” ಅಂದ. “ಸ್ವಲ್ಪ ಕಮ್ಮಿ ಇದೆ ಅಣ್ಣ” ಅಂದೆ. ದಿನಾ ಊರವರಿಗೆಲ್ಲ ರಿಪೋರ್ಟ್ ಇದ್ದದ್ದು ಇದ್ದಂತೆ ಹೇಳುತ್ತಿದ್ದವನು ನಾನು. ಅಣ್ಣನ ಮುಂದೆ ಬಾಯಿ ಬರಲಿಲ್ಲ. ಮುಂದಿನದು ನಿನಗೆ ಗೊತ್ತೇ ಇದೆ.

ಬುದ್ಧಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಡಾಕ್ಟರ ಹತ್ತಿರ ಪೆಗ್ಗಿನ ಲೆಕ್ಕ ಕಮ್ಮಿ ಹೇಳಬೇಡ, ಅಷ್ಟೇ. ಹಾಂ, ತಲೆನೋವಿಗೆ ಆಸ್ಪಿರಿನ್ ನುಂಗಬೇಡ, ಈಗಂತೂ ಬೇಡವೇ ಬೇಡ. ದಿನಾ ಕುಡಿಯುತ್ತಿದ್ದರೆ ಹಠ ಮಾಡಿ ಒಮ್ಮೆಲೇ ನಿಲ್ಲಿಸಲೂ ಬೇಡ, ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿಯೇ ಬಿಡು. ಬರೀ ಕುಡಿತದಿಂದ ಇಳಿದದ್ದಾದರೆ, ಬಿಟ್ಟ ಒಂದೆರಡು ವಾರದಲ್ಲಿ ಪ್ಲೇಟ್‌ಲೆಟ್ ಏರುವುದನ್ನು ನಾನೇ ಎಷ್ಟೋ ಜನರಲ್ಲಿ ಎಣಿಸಿದ್ದೇನೆ. ಏರದಿದ್ದರೆ ಲಿವರ್ ನೋಡಿಸಬೇಕು. ಎರಡನೇ ಸಲ ರಕ್ತ ಕೊಡುವಾಗ ನಾನೂ ಬರಲಾ? ಬೇಡ ಅಂದರೂ ಬೇಜಾರಿಲ್ಲ.

ಕಲೆ ಈಗ ಹಳದಿಗೆ ತಿರುಗಿದೆಯಾ, ಹೊಸದು ಎದ್ದಿದೆಯಾ? ಪತ್ರ ಬರೆಯುತ್ತಾ ಕೂರಬೇಡ, ಫೋನ್ ಮಾಡು. ರಾತ್ರಿ ಹನ್ನೊಂದಾದರೂ ಸರಿ, ಎದ್ದೇ ಇರುತ್ತೇನೆ.

ನಿನ್ನ ಚಿಕ್ಕಪ್ಪ