ಗ್ಯಾರಂಟಿ ದುಡ್ಡೂ ಬೇಕು, ಕಾಲುವೆಯೂ ಬೇಕು

ಸಂಪಾದಕರೇ,

ಗ್ಯಾರಂಟಿಗಳಿಂದ ರಾಜ್ಯ ದಿವಾಳಿಯಾಗುತ್ತದೆ ಅಂತ ಕೆಲವರು, ಅದರಿಂದಲೇ ಬೆಳೆಯುತ್ತದೆ ಅಂತ ಇನ್ನು ಕೆಲವರು. ನನಗೆ ಎರಡೂ ಅರ್ಧ ಮಾತು ಅನ್ನಿಸುತ್ತದೆ.

ನನ್ನದು ಹಳ್ಳಿಯ ದಿನಸಿ ಅಂಗಡಿ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ವಾರ ಹಳೇ ಬಾಕಿ ತೀರುತ್ತದೆ, ಎಣ್ಣೆ, ಬೇಳೆ ಜಾಸ್ತಿ ಹೋಗುತ್ತದೆ, ಆ ದುಡ್ಡನ್ನು ನಾನು ಪೇಟೆಯ ಮಂಡಿಯವರಿಗೆ ಕೊಡುತ್ತೇನೆ, ಅವರು ಲಾರಿಯವರಿಗೆ, ಹಮಾಲರಿಗೆ ಕೊಡುತ್ತಾರೆ. ಬಡವರ ಕೈಗೆ ಬಂದ ಹಣ ಬ್ಯಾಂಕಿನಲ್ಲಿ ಮಲಗುವುದಿಲ್ಲ, ಅಲ್ವಾ? ಸುಮ್ನೆ ಬಿಟ್ಟಿ ಭಾಗ್ಯ ಎಂದು ಹಂಗಿಸಬೇಡಿ.

ಆದರೆ ಐದು ಗ್ಯಾರಂಟಿಗೆ ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೇಕು. ಅದಕ್ಕಾಗಿ ರಸ್ತೆ, ಕಾಲುವೆ, ಶಾಲೆಯ ದುಡ್ಡು ಕಡಿತವಾದರೆ ನಷ್ಟ ಇವತ್ತು ಕಾಣುವುದಿಲ್ಲ. ನಾಲ್ಕೈದು ವರ್ಷದ ಮೇಲೆ ಕಾಣುತ್ತದೆ. ಕೇಂದ್ರ ಸರ್ಕಾರ 2024-25ರ ಬಜೆಟ್‌ನಲ್ಲಿ ಬಂಡವಾಳ ವೆಚ್ಚಕ್ಕೆ, ಅಂದರೆ ರಸ್ತೆ, ರೈಲಿನಂಥ ಬಹುಕಾಲ ಬಾಳುವ ಕೆಲಸಗಳಿಗೆ, 11.11 ಲಕ್ಷ ಕೋಟಿ ಇಟ್ಟಿದ್ದು ಇದೇ ಲೆಕ್ಕದಲ್ಲಿ: ರಸ್ತೆ ಮಾಡಿದರೆ ಈಗ ಕೂಲಿ, ಸಿಮೆಂಟು, ಕಬ್ಬಿಣಕ್ಕೆ ಬೇಡಿಕೆ, ಆಮೇಲೆ ರೈತನ ಟೊಮೆಟೊ ಕೆಡುವ ಮೊದಲೇ ಮಾರುಕಟ್ಟೆ ಸೇರುತ್ತದೆ. ಇಂಥ ಕೆಲಸಕ್ಕೆ ಸಾಲ ಮಾಡಿದರೆ ತಪ್ಪೇನಿಲ್ಲ. ಹಳೇ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಮಾಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ನಮ್ಮ ತಾಲ್ಲೂಕಿಗೆ ಎಷ್ಟು ದುಡ್ಡು ಬಂತು, ಯಾವ ಕೆಲಸ ಮುಗಿಯಿತು, ಯಾವುದು ನಿಂತಿದೆ ಎಂದು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಬರೆಸಲಿ.

– ಒಬ್ಬ ಅಂಗಡಿಯವ, ತುಮಕೂರು ಜಿಲ್ಲೆ