ವಾರದಲ್ಲಿ ಒಂದು ದಿನ ನಿಮ್ಮ ಲೆಕ್ಕದಲ್ಲಿ

ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳಿಗೆ, ಅಲ್ಲಿ ಓದದಿದ್ದರೂ ಅದರ ಮೇಲೆ ಪ್ರೀತಿ ಇಟ್ಟುಕೊಂಡಿರುವ ಎಲ್ಲರಿಗೆ,

ನಮಸ್ಕಾರ.

ಈ ಪತ್ರದಲ್ಲಿ ದುಡ್ಡು ಕೇಳುತ್ತಿದ್ದೇವೆ. ಅದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ನಿರಾಳ, ನಮಗೂ ನಿರಾಳ. ಎಷ್ಟು, ಯಾತಕ್ಕೆ ಅನ್ನುವ ಮುಂಚೆ ಒಂದು ಕಾರ್ಡಿನ ಸಮಾಚಾರ ಹೇಳಬೇಕು.

ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಅಕ್ಕ ಮೆಸ್ ನಡೆಸುತ್ತಾರೆ. ಹಾಸ್ಟೆಲ್ ಸಿಗದೆ ಹೊರಗೆ ರೂಮು ಮಾಡಿಕೊಂಡಿರುವ ಮಕ್ಕಳು ಅಲ್ಲಿಗೆ ಊಟಕ್ಕೆ ಹೋಗುತ್ತಾರೆ. ಒಬ್ಬೊಬ್ಬರಿಗೂ ತಿಂಗಳಿಗೊಂದು ಗುಲಾಬಿ ಬಣ್ಣದ ದಪ್ಪ ಕಾರ್ಡು. ಅದರಲ್ಲಿ ಎರಡು ಸಾಲು ಮನೆಗಳು. ಮೇಲಿನ ಸಾಲು ಮಧ್ಯಾಹ್ನದ್ದು, ಕೆಳಗಿನದು ರಾತ್ರಿಯದು. ಊಟ ಮಾಡಿದ ಮೇಲೆ ಅಕ್ಕ ಕೆಂಪು ಪೆನ್ನಿನಲ್ಲಿ ಒಂದು ಗೀಟು ಹಾಕುತ್ತಾರೆ. ತಿಂಗಳ ಕೊನೆಗೆ ಗೀಟು ಎಣಿಸಿ ದುಡ್ಡು. ಒಂದು ಊಟಕ್ಕೆ 60 ರೂಪಾಯಿ.

ಹೋದ ವರ್ಷ ಒಂದು ಸಂಜೆ ಅಕ್ಕ ಡ್ರಾಯರಿನಿಂದ ಒಂದು ಕಾರ್ಡು ತೆಗೆದು ನಮ್ಮ ಮುಂದೆ ಇಟ್ಟರು. ಏನೂ ಹೇಳಲಿಲ್ಲ, ಸುಮ್ನೆ ಇಟ್ಟರು. ತಿಂಗಳು ಮುಗಿಯಲು ಇನ್ನು ನಾಲ್ಕು ದಿನ ಇತ್ತು. ಮೇಲಿನ ಸಾಲಿನಲ್ಲಿ 21 ಗೀಟು. ಕೆಳಗಿನ ಸಾಲು ಪೂರ್ತಿ ಖಾಲಿ. ಒಂದೇ ಒಂದು ರಾತ್ರಿಯೂ ಊಟ ಇಲ್ಲ. ಕಾರ್ಡು ಹೆಗ್ಗಡದೇವನಕೋಟೆ ಕಡೆಯ ಒಬ್ಬಳು ಹುಡುಗಿಯದು. ಎಂ.ಎಸ್ಸಿ ಮೊದಲ ವರ್ಷ. ಅವರ ಮನೆಯಲ್ಲಿ ಡಿಗ್ರಿ ದಾಟಿದವಳು ಅವಳೊಬ್ಬಳೇ.

ನಾವು ಅವಳನ್ನು ಕೇಳಿದಾಗ, ‘ರಾತ್ರಿ ನನಗೆ ಹಸಿವಾಗಲ್ಲ ಸಾರ್’ ಅಂದಳು.

ಅವಳು ಹೋದ ಮೇಲೆ ಅಕ್ಕ ಅಂದರು: ‘ಹಸಿವಾಗದೆ ಏನು? ಒಂದು ಬನ್ನು ತಿಂದು ನೀರು ಕುಡಿದು ಮಲಗುತ್ತೆ ಮಗು. ಸಾಲಕ್ಕೆ ತಿನ್ನು ಅಂದ್ರೆ ಒಪ್ಪಲ್ಲ.’

ಅವಳಿಗೆ ಸ್ಕಾಲರ್‌ಶಿಪ್ ಇತ್ತು. ಕಾಗದದ ಮೇಲೆ ಇತ್ತು. ಕೈಗೆ ಬಂದಿದ್ದು ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ. ಅಲ್ಲಿಯವರೆಗೆ ಹೊಟ್ಟೆ ಕಾಯುತ್ತಾ?

ನಮ್ಮ ಟ್ರಸ್ಟು ಶುರುವಾಗಿದ್ದೇ ಆ ಕಾರ್ಡಿನಿಂದ. ನಾವು ಏಳು ಜನ, ಎಲ್ಲರೂ ಗಂಗೋತ್ರಿಯಲ್ಲಿ ಓದಿದವರು, ಈಗ ಮುಕ್ಕಾಲು ಪಾಲು ರಿಟೈರ್ ಆದವರು. ಆ ರಾತ್ರಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಒಬ್ಬರು ಒಂದು ಹಳೆಯ ಮಾತು ಎತ್ತಿದರು. ವಾರಾನ್ನ.

ಈಗಿನ ಹುಡುಗರಿಗೆ ಆ ಪದ ಗೊತ್ತಿರಲಿಕ್ಕಿಲ್ಲ. ಓದಲಿಕ್ಕೆ ಅಂತ ಹಳ್ಳಿಯಿಂದ ಪೇಟೆಗೆ ಬಂದ ಬಡ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಈ ಮನೆಯಲ್ಲಿ ಊಟ, ಮಂಗಳವಾರ ಆ ಮನೆಯಲ್ಲಿ. ಏಳು ಮನೆ ಸಿಕ್ಕರೆ ಅದೃಷ್ಟವಂತ. ಐದೇ ಸಿಕ್ಕರೆ ಎರಡು ದಿನ ನಲ್ಲಿ ನೀರು.

ಎಸ್.ಎಲ್. ಭೈರಪ್ಪನವರು ಹೀಗೆ ಓದಿದವರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿನಲ್ಲೇ ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಕಿತ್ತುಕೊಂಡಿತು. ವಾರಾನ್ನ, ಭಿಕ್ಷಾನ್ನ ಎರಡನ್ನೂ ಉಂಡರು. ನಡುವೆ ಓದು ಬಿಟ್ಟು ಮುಂಬೈಗೆ ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿ ಮಾಡಿದರು. ಸಾಧುಗಳ ಗುಂಪು ಸೇರಿ ಕೆಲವು ತಿಂಗಳು ಅಲೆದರು. ಕೊನೆಗೆ ಮೈಸೂರಿಗೆ ವಾಪಸ್ ಬಂದು ಓದು ಮುಂದುವರಿಸಿದರು. ತತ್ವಶಾಸ್ತ್ರದ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು. 2010ರ ಸರಸ್ವತಿ ಸಮ್ಮಾನ್ ಅವರಿಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ಅವರ ಕಾದಂಬರಿಗಳ ಪಟ್ಟಿ ಕೊಟ್ಟವು. ಅವರಿಗೆ ವಾರ ಕೊಟ್ಟ ಮನೆಗಳ ಪಟ್ಟಿ ಮಾತ್ರ ಎಲ್ಲೂ ಇಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ವಾರಾನ್ನದ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ. ಜಾತಿ ನೋಡಿ ಎಲೆ ಹಾಕುವ ಕಾಲ ಅದು. ಉಳಿದ ಹುಡುಗರನ್ನು ಓದಿಸಿದ್ದು ಆಯಾ ಸಮುದಾಯದ ಹಾಸ್ಟೆಲುಗಳು, ಮಠಗಳ ಉಚಿತ ಪ್ರಸಾದ ನಿಲಯಗಳು. ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು ಹುಡುಗರ ಊಟಕ್ಕಾಗಿ ಇಷ್ಟಲಿಂಗ ಇಡುವ ಚಿನ್ನದ ಕರಡಿಗೆಯನ್ನೇ ಮಾರಿದರು ಅಂತ ಮೈಸೂರಿನ ಹಳಬರು ಈಗಲೂ ಹೇಳುತ್ತಾರೆ. ನಮ್ಮ ಟ್ರಸ್ಟು ಹಳೆಯ ಪದವನ್ನು ಇಟ್ಟುಕೊಂಡಿದೆ, ಹಳೆಯ ಮಡಿಯನ್ನಲ್ಲ. ಯಾರ ಜಾತಿಯನ್ನೂ ಕೇಳುವುದಿಲ್ಲ. ಕಾರ್ಡು ಮಾತ್ರ ನೋಡುತ್ತೇವೆ.

ಹಳೆಯ ವಿದ್ಯಾರ್ಥಿಗಳ ಪತ್ರ ಅಂದ ಮೇಲೆ ದೊಡ್ಡ ಹೆಸರುಗಳು ಬರಲೇಬೇಕು, ಅಲ್ವಾ? ಬರಲಿ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿದ ಈ ವಿಶ್ವವಿದ್ಯಾನಿಲಯಕ್ಕೆ ಹೆಸರುಗಳ ಬರ ಇಲ್ಲ. ರಾಜಕೀಯದವರನ್ನು ಬೇಕಂತಲೇ ಬಿಟ್ಟಿದ್ದೇವೆ. ಅವರ ಫೋಟೊ ಊರ ತುಂಬ ಇದೆ.

ಕುವೆಂಪು ಅವರನ್ನೇ ತಗೊಳ್ಳಿ. ಮಹಾರಾಜ ಕಾಲೇಜಿನಲ್ಲಿ ಓದುವಾಗ ಕಾಯಿಲೆ ಬಿದ್ದರು. ಮಲೆನಾಡಿನ ಮನೆ ಎಲ್ಲೋ, ಮೈಸೂರಿನ ರೂಮು ಎಲ್ಲೋ. ಆಗ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋಗಿ ನೋಡಿಕೊಂಡರು. ಸುಮಾರು ಹತ್ತು ವರ್ಷ ಕುವೆಂಪು ಅಲ್ಲೇ ಇದ್ದರು. 1929ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಮೇಷ್ಟ್ರಾದರು. 1956ರಲ್ಲಿ ಕುಲಪತಿ. ಇಲ್ಲೇ ಓದಿ ಇಲ್ಲಿಯ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. ಕನ್ನಡದ ಮೊದಲ ಜ್ಞಾನಪೀಠ ತಂದವರೂ ಅವರೇ. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಹೊಸ ಆವರಣ ಕಟ್ಟಿಸಿ ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ಇವತ್ತು ಆ ಹುಡುಗಿ ಕೂತು ಪಾಠ ಕೇಳುವುದು ಅಲ್ಲೇ. ಸ್ವಾಮೀಜಿ ಅವತ್ತು ‘ಪಾಪ, ಹುಡುಗನಿಗೆ ಜ್ವರ’ ಅಂತ ಅನುಕಂಪ ತೋರಿಸಿ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತೋ!

ಎನ್.ಆರ್. ನಾರಾಯಣಮೂರ್ತಿಯವರದು ಇನ್ನೊಂದು ಥರ. ತಂದೆ ಶಾಲೆಯ ಮೇಷ್ಟ್ರು. ಹುಡುಗನಿಗೆ ಐಐಟಿ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ್‍ಯಾಂಕೇ ಬಂತು. ಕಳಿಸುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಮೈಸೂರಿನ ಎನ್ಐಇ ಎಂಜಿನಿಯರಿಂಗ್ ಕಾಲೇಜಿಗೆ ಸೇರಿದರು. ಅದು ಆಗ ಮೈಸೂರು ವಿಶ್ವವಿದ್ಯಾನಿಲಯದ ಕೆಳಗೆ ಇತ್ತು. 1967ರಲ್ಲಿ ಬಿ.ಇ. ಆಮೇಲೆ ಎಂ.ಟೆಕ್‌ಗೆ ಐಐಟಿ ಕಾನ್ಪುರಕ್ಕೇ ಹೋದರು. 1981ರಲ್ಲಿ ಇನ್ಫೋಸಿಸ್ ಶುರುವಾಗಿದ್ದು ಹೆಂಡತಿ ಸುಧಾ ಮೂರ್ತಿ ಕೊಟ್ಟ ಹತ್ತು ಸಾವಿರ ರೂಪಾಯಿಯಿಂದ ಅನ್ನುವುದು ಎಲ್ಲರಿಗೂ ಗೊತ್ತು. ಮನೆಗೆ ಹತ್ತಿರ, ಕೈಗೆ ಎಟುಕುವ ಫೀಸಿನಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾನಿಲಯ ಇತ್ತಲ್ಲ, ನಮಗೆ ಮುಖ್ಯ ಅನ್ನಿಸುವುದು ಅದು.

ಹೆಣ್ಣುಮಕ್ಕಳ ಹೆಸರು ಇಂಥ ಪತ್ರಗಳಲ್ಲಿ ಕೊನೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ರಾಜೇಶ್ವರಿ ಚಟರ್ಜಿ ಅವರ ಬಗ್ಗೆ ನೀವು ಕೇಳಿಲ್ಲದಿದ್ದರೆ ತಪ್ಪು ನಿಮ್ಮದಲ್ಲ. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದರು. ಅಜ್ಜಿ ಕಮಲಮ್ಮ ದಾಸಪ್ಪ ಆಗಿನ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರಿಗೆ, ಗಂಡ ಬಿಟ್ಟವರಿಗೆ ಓದು ಕೊಡಿಸಲು ಓಡಾಡಿದ ಹೆಂಗಸು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದಳು. ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯದ್ದೇ. ಬಿ.ಎಸ್ಸಿ ಆನರ್ಸ್, ಎಂ.ಎಸ್ಸಿ ಎರಡರಲ್ಲೂ ಮೊದಲ ರ್‍ಯಾಂಕ್. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಮಿಷಿಗನ್‌ಗೆ ಹೋದರು. 1953ರಲ್ಲಿ ಪಿಎಚ್.ಡಿ ಮುಗಿಸಿ ವಾಪಸ್ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡತೊಡಗಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಅವರನ್ನು ಕರೆಯುತ್ತಾರೆ. ಮೈಕ್ರೋವೇವ್, ಆಂಟೆನಾ ಅವರ ವಿಷಯ. ಆ ವಿದ್ಯಾರ್ಥಿವೇತನ ಸರಿಯಾದ ಹೊತ್ತಿಗೆ ಕೈಗೆ ಬಂತು ಅನ್ನುವುದನ್ನು ಗಮನಿಸಿ.

ಸಿ.ಎನ್.ಆರ್. ರಾವ್ ಅವರೂ ಸೆಂಟ್ರಲ್ ಕಾಲೇಜಿನವರೇ. 17ನೇ ವಯಸ್ಸಿಗೆ, 1951ರಲ್ಲಿ, ಬಿ.ಎಸ್ಸಿ. 2014ರಲ್ಲಿ ಭಾರತರತ್ನ. ಯು.ಆರ್. ಅನಂತಮೂರ್ತಿ ಇಲ್ಲಿ ಇಂಗ್ಲಿಷ್ ಎಂ.ಎ. ಮಾಡಿ 1994ರ ಜ್ಞಾನಪೀಠ ತಂದರು. ಎ.ಕೆ. ರಾಮಾನುಜನ್ ಮಹಾರಾಜ ಕಾಲೇಜಿನಿಂದ ಹೊರಟು ಷಿಕಾಗೊ ಸೇರಿ ವಚನಗಳನ್ನು ಇಂಗ್ಲಿಷಿಗೆ ದಾಟಿಸಿದರು. ಜಾವಗಲ್ ಶ್ರೀನಾಥ್ ಮೈಸೂರಿನಲ್ಲೇ ಎಂಜಿನಿಯರಿಂಗ್ ಓದಿದ ಹುಡುಗ. ಟೆಸ್ಟಿನಲ್ಲಿ 236, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್.

ಆರ್.ಕೆ. ನಾರಾಯಣ್ ಅವರನ್ನು ಬಿಡಲಾದೀತೆ? ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾದರು. ಒಂದು ವರ್ಷ ಮನೆಯಲ್ಲಿ ಕೂತು ಓದಿದರು, ಬರೆದರು. ಮೂರು ವರ್ಷದ ಡಿಗ್ರಿಗೆ ನಾಲ್ಕು ವರ್ಷ ತಗೊಂಡು 1930ರಲ್ಲಿ ಬಿ.ಎ. ಮುಗಿಸಿದರು. ಮನೆಯಲ್ಲಿ ಊಟಕ್ಕೆ ತೊಂದರೆ ಇರಲಿಲ್ಲ. ಹಾಗಾಗಿ ಫೇಲಾದ ವರ್ಷ ಅವರಿಗೆ ಓದುವ ವರ್ಷವಾಯಿತು. ಹೆಗ್ಗಡದೇವನಕೋಟೆ ಕಡೆಯ ಆ ಹುಡುಗಿ ಒಂದು ಸೆಮಿಸ್ಟರ್ ಹಿಂದೆ ಬಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕಥೆ ಊಟದ್ದಲ್ಲ. ಆದರೂ ಹೇಳದೆ ಇರಲಾಗುವುದಿಲ್ಲ. ವಿಶ್ವವಿದ್ಯಾನಿಲಯ ಹುಟ್ಟಿದ 1916ರಲ್ಲೇ ಮೈಸೂರಿನಲ್ಲಿ ಹುಟ್ಟಿದರು. ಇಲ್ಲಿ ಬಿ.ಎ. ಆನರ್ಸ್ ಮಾಡಿದರು. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಕೂತು ಅಲ್ಲಿಯ ಬದುಕನ್ನು ಬರೆದುಕೊಂಡರು. ಆ ಹಳ್ಳಿಗೆ ಅವರು ಕೊಟ್ಟ ಅಡ್ಡ ಹೆಸರು ರಾಂಪುರ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. 1976ರಲ್ಲಿ ಬಂತು. ಸಮಾಜಶಾಸ್ತ್ರ ಓದುವವರು ಇವತ್ತಿಗೂ ಅದನ್ನು ಓದುತ್ತಾರೆ. ನಾವು ದಿನಾ ಆಡುವ ‘ಓಟ್ ಬ್ಯಾಂಕ್’ ಅನ್ನುವ ಮಾತನ್ನು ಚಾಲ್ತಿಗೆ ತಂದವರೂ ಅವರೇ.

ಸರಿ, ಈಗ ಲೆಕ್ಕಕ್ಕೆ ಬರೋಣ.

ಎರಡು ಊಟಕ್ಕೆ ದಿನಕ್ಕೆ 120 ರೂಪಾಯಿ. ರಜೆ ಕಳೆದು ಓದಿನ ವರ್ಷ ಸುಮಾರು 40 ವಾರ. ವಾರದಲ್ಲಿ ಒಂದು ದಿನ ನೀವು ಹಿಡಿದುಕೊಂಡರೆ ವರ್ಷಕ್ಕೆ 4,800 ರೂಪಾಯಿ. ಏಳು ಜನ ಸೇರಿದರೆ ಒಬ್ಬ ವಿದ್ಯಾರ್ಥಿಯ ಇಡೀ ವರ್ಷದ ಊಟ, 33,600 ರೂಪಾಯಿ. ಒಬ್ಬರೇ ಏಳೂ ದಿನ ಹಿಡಿಯಬಹುದು. ಸ್ನೇಹಿತರು ಮೂರು ಜನ ಸೇರಿ ಒಂದೇ ದಿನವನ್ನೂ ಹಿಡಿಯಬಹುದು. ಒಮ್ಮೆಗೇ ಕೊಡಲಾಗದಿದ್ದರೆ ತಿಂಗಳು ತಿಂಗಳು ಕಳಿಸಿ, ತೊಂದರೆ ಇಲ್ಲ.

ದುಡ್ಡು ವಿದ್ಯಾರ್ಥಿಯ ಕೈಗೆ ಹೋಗುವುದಿಲ್ಲ. ನೇರವಾಗಿ ಮೆಸ್‌ಗೆ ಹೋಗುತ್ತದೆ, ತಿಂಗಳ ಕೊನೆಗೆ ಗೀಟು ಎಣಿಸಿ. ಊಟ ಮಾಡದ ದಿನದ ದುಡ್ಡು ಮುಂದಿನ ತಿಂಗಳಿಗೆ ಉಳಿಯುತ್ತದೆ. ಟ್ರಸ್ಟಿನಲ್ಲಿ ಸಂಬಳಕ್ಕೆ ಯಾರೂ ಇಲ್ಲ. ಬಾಡಿಗೆಯ ಆಫೀಸೂ ಇಲ್ಲ, ಒಬ್ಬರ ಮನೆಯ ವರಾಂಡವೇ ಆಫೀಸು. ಅಂಚೆ, ಆಡಿಟರ್ ಖರ್ಚನ್ನು ಟ್ರಸ್ಟಿಗಳೇ ಹಂಚಿಕೊಳ್ಳುತ್ತೇವೆ. ಆದಾಯ ತೆರಿಗೆಯ 80ಜಿ ವಿನಾಯಿತಿ ನಮಗೆ ಇನ್ನೂ ಸಿಕ್ಕಿಲ್ಲ, ಅರ್ಜಿ ಹಾಕಿದ್ದೇವೆ. ಅದು ಬೇಕೇ ಬೇಕು ಅನ್ನುವವರು ದಯವಿಟ್ಟು ಸಿಗುವವರೆಗೆ ಕಾಯಿರಿ. ಬೇಜಾರಿಲ್ಲ.

ನೀವು ಯಾರ ಊಟದ ದಿನ ಹಿಡಿದಿದ್ದೀರಿ ಅಂತ ನಾವು ಹೇಳುವುದಿಲ್ಲ. ಅವರಿಗೂ ನಿಮ್ಮ ಹೆಸರು ಗೊತ್ತಾಗುವುದಿಲ್ಲ. ಕೆಲವರಿಗೆ ಇದು ಇಷ್ಟವಾಗಲಿಲ್ಲ. ಹುಡುಗರ ಫೋಟೊ ಕಳಿಸಿ, ಒಂದು ಧನ್ಯವಾದದ ಪತ್ರ ಬರೆಸಿ ಅಂತ ಕೇಳಿದರು. ಬರೆಸುವುದಿಲ್ಲ. ವಾರಾನ್ನ ಉಂಡವರಲ್ಲಿ ಹಲವರಿಗೆ ಕೊನೆಯವರೆಗೂ ನೆನಪಿದ್ದದ್ದು ಅನ್ನದ ರುಚಿಯಲ್ಲ, ಹಿಂದಿನ ಬಾಗಿಲಲ್ಲಿ ಕಾಯುತ್ತಾ ನಿಂತದ್ದು. ಆ ನಿಲ್ಲಿಸುವುದನ್ನು ಬಿಟ್ಟು ಉಳಿದದ್ದನ್ನು ಮಾಡೋಣ ಅಂತ ನಮ್ಮ ಆಸೆ. ವರ್ಷದ ಕೊನೆಗೆ ಆಡಿಟ್ ಆದ ಲೆಕ್ಕದ ಒಂದು ಹಾಳೆ ನಿಮಗೆ ಬರುತ್ತದೆ. ಮೆಸ್ ಕಾರ್ಡುಗಳನ್ನು ನೋಡಬೇಕು ಅನ್ನಿಸಿದರೆ ಮೈಸೂರಿಗೆ ಬಂದಾಗ ವರಾಂಡಕ್ಕೆ ಬನ್ನಿ. ಹೆಸರಿನ ಜಾಗ ಮುಚ್ಚಿ ತೋರಿಸುತ್ತೇವೆ, ಜೊತೆಗೆ ಕಾಫಿ ಕೊಡುತ್ತೇವೆ.

ಈ ವರ್ಷ 21 ಮಕ್ಕಳು ನಮ್ಮ ಪಟ್ಟಿಯಲ್ಲಿದ್ದಾರೆ. ಒಬ್ಬೊಬ್ಬರಿಗೆ ವಾರದ ಏಳು ದಿನ, ಅಂದರೆ ಒಟ್ಟು 147 ದಿನ ಬೇಕು. 58 ದಿನ ಈಗಾಗಲೇ ತುಂಬಿವೆ. ಉಳಿದಿರುವುದು 89. ಶನಿವಾರ, ಭಾನುವಾರ ಬೇಗ ತುಂಬುತ್ತವೆ, ಯಾಕೋ ಮಂಗಳವಾರವನ್ನು ಯಾರೂ ಕೇಳುವುದಿಲ್ಲ. ಮಂಗಳವಾರ ಹಿಡಿಯುವವರಿಗೆ ವಿಶೇಷ ವಂದನೆ.

ಬ್ಯಾಂಕ್ ಖಾತೆಯ ವಿವರ, ಯುಪಿಐ ಕೋಡ್ ಈ ಪತ್ರದ ಹಿಂಬದಿಯಲ್ಲಿವೆ. ದುಡ್ಡು ಕಳಿಸಿದ ಮೇಲೆ ಅದರಲ್ಲೇ ಇರುವ ಚೀಟಿಯಲ್ಲಿ ಯಾವ ದಿನ ಅಂತ ಗುರುತು ಮಾಡಿ ಅಂಚೆಗೆ ಹಾಕಿ. ದಿನದ ಆಯ್ಕೆ ನಮಗೇ ಬಿಟ್ಟರೂ ಸರಿ.

ಇಂತಿ ನಿಮ್ಮ,
ಟ್ರಸ್ಟಿನ ಏಳು ಜನರ ಪರವಾಗಿ, ಕಾರ್ಯದರ್ಶಿ

ಮರೆತಿದ್ದೆ: ಮೆಸ್ ಅಕ್ಕ ಒಂದು ಗುರುವಾರವನ್ನು ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರೆ. ದುಡ್ಡು ಕೊಟ್ಟಿಲ್ಲ. ಆ ದಿನದ ಗೀಟನ್ನು ಎಣಿಸುವುದಿಲ್ಲ, ಅಷ್ಟೇ.